ಜುಲ್ಮೀರಾಳ ಕಿಟಕಿ

ತಿರುವಿಗೆ ಇನ್ನು ನಾಲ್ಕು ಮನೆ ಇದೆ ಅನ್ನುವಾಗ ಇಲೀದಿಯೊ ಭೂಕಂಪದ ಕಥೆ ಎತ್ತಿಕೊಳ್ಳುತ್ತಿದ್ದ. ಮುಂಚೆಯೇ ಎತ್ತಿಕೊಂಡರೆ ಕಥೆ ಮುಗಿದು ಬಾಯಿ ಖಾಲಿಯಾಗುತ್ತಿತ್ತು, ತಡ ಮಾಡಿದರೆ ಕಿಟಕಿಯೇ ಮೊದಲು ಬಡಿದುಕೊಂಡು ಮಜಾ ಕೆಡುತ್ತಿತ್ತು. ಇವತ್ತೂ ಅದೇ ಅಂದಾಜಿನಲ್ಲಿ, ಕೈ ಹ್ಯಾಂಡಲಿನ ಮೇಲೆ ಬಿಟ್ಟು, ಮುಖ ಅರ್ಧ ಹಿಂದಕ್ಕೆ ತಿರುಗಿಸಿ ಶುರುಮಾಡಿದ. ಹಿಂದಿನ ಸೀಟಿನಲ್ಲಿ ಬ್ರೆಜಿಲ್‌ನಿಂದ ಬಂದ ತಾಯಿ ಮಗಳು. ತಾಯಿ ದಾಲ್ವಾ, ಶಾಲೆಯ ಟೀಚರಾಗಿ ನಿವೃತ್ತಳಾದವಳು, ಮಡಿಲಲ್ಲಿ ಕೈಚೀಲ ಗಟ್ಟಿಯಾಗಿ ಹಿಡಿದು ಪ್ರತಿ ಕುಲುಕಿಗೂ ದೇವರನ್ನು ಕರೆಯುತ್ತಿದ್ದಳು. ಮಗಳ ಫೋನು ಆಗಲೇ ಮೇಲೆದ್ದಿತ್ತು. "ಸಾವಿರದ ಏಳ್ನೂರ ಐವತ್ತೈದ್ರಲ್ಲಿ ಇಡೀ ಲಿಸ್ಬನ್ ನೆಲಕ್ಕೆ ಮಲಗಿತಲ್ಲ ಮೇಡಂ, ಆಗ ಈ ಅಲ್ಫಾಮಾ ಗುಡ್ಡದ ಹೆಂಗಸ್ರಿಗೆ ಮೊದ್ಲು ಕೇಳಿಸಿದ್ದು ಚಕ್ರ ಉರುಳಿದಂಥ ಸದ್ದು. ಆವತ್ತಿಂದ ಈ ಓಣೀಲಿ ಗಾಡಿ ಸದ್ದಾದ್ರೆ ಸಾಕು, ಹೆಂಗಸ್ರು ಕಿಟಕಿ ಕದ ಬಡಿದು ಹಾಕ್ಕೊಂಬಿಡ್ತಾರೆ. ಅಜ್ಜಿ ಮುತ್ತಜ್ಜಿ ಕಾಲದ್ದು. ಈಗ ಒಬ್ರೇ ಉಳಿದಿರೋದು. ಮೇಲ್ಗಡೆ ನೋಡ್ತಿರಿ, ಎಡಕ್ಕೆ, ಹಳದಿ ಗೋಡೆ..." ಗಾಡಿ ತಿರುವಿನಲ್ಲಿ ನಿಧಾನವಾಯಿತು. ಬ್ಯಾಟರಿಯ ಆಟೊ, ಇಂಜಿನ್ನಿನ ಗದ್ದಲವಿಲ್ಲ, ಕಲ್ಲುಹಾಸಿನ ಮೇಲೆ ಚಕ್ರದ ಗಡಗಡವೊಂದೇ. ಹಳದಿ ಗೋಡೆ ಬಂತು, ಕಿಟಕಿ ಬಂತು. ಕಿಟಕಿ ಮೊದಲೇ ಮುಚ್ಚಿತ್ತು.

"ಏನಿವತ್ತು, ಅಜ್ಜಿಗೆ ರಜಾನಾ?" ಎಂದಳು ಮಗಳು, ಫೋನು ಇಳಿಸುತ್ತ. "ನನ್ ಫ್ರೆಂಡ್ ವಿಡಿಯೋದಲ್ಲಿ ಎಷ್ಟ್ ಚೆನ್ನಾಗಿ ಬಡೀತಾರೆ ಗೊತ್ತಾ!" ಇಲೀದಿಯೊ ಗಿರಾಕಿಗಳಿಗಾಗಿ ಇಟ್ಟುಕೊಂಡಿದ್ದ ನಗೆಯನ್ನು ನಕ್ಕು, "ಪೇಟೆಗೆ ಹೋಗಿರ್ಬೇಕು ಮೇಡಂ, ಸಂತ ಅಂತೋನಿ ಹಬ್ಬ ಹತ್ರ ಬಂತಲ್ಲ" ಎಂದ. ಅಜ್ಜಿಯಂತೆ. ಜುಲ್ಮೀರಾ ಅವನಿಗಿಂತ ಆರೇ ವರ್ಷ ದೊಡ್ಡವಳು. ಅವಳು ಅಜ್ಜಿಯಾದರೆ ತಾನೂ ಅಜ್ಜನೇ, ಆದರೆ ಹಾಗೆ ಕರೆಸಿಕೊಳ್ಳುವಷ್ಟು ಅವನಿಗಿನ್ನೂ ವಯಸ್ಸಾಗಿರಲಿಲ್ಲ ಎಂದು ಅವನ ಎಣಿಕೆ. ಗಾಡಿ ಮುಂದೆ ಹೋದಮೇಲೂ ಅವನು ಪಕ್ಕದ ಕನ್ನಡಿಯಲ್ಲಿ ಕಿಟಕಿಯನ್ನೇ ನೋಡುತ್ತಿದ್ದ. ಮೊನ್ನೆ ಅಲ್ಲಿ ಕಾಮಕಸ್ತೂರಿಯ ಕುಂಡವಿತ್ತು, ಹಬ್ಬಕ್ಕೆಂದು ಕಾಗದದ ಹೂ ಸಿಕ್ಕಿಸಿದ್ದು. ಇವತ್ತು ಅದೂ ಇಲ್ಲ. ಜುಲ್ಮೀರಾ ಹೊಲಿಗೆಯವಳು, ಅವರಿವರ ಪ್ಯಾಂಟಿನ ಅಂಚು ಮಡಿಸಿ ಬದುಕುವವಳು. ಬೆಳಕಿಗಾಗಿ ದಿನವಿಡೀ ಆ ಕಿಟಕಿ ತೆರೆದೇ ಇರಬೇಕು. ಅವನ ಗಾಡಿ ಬಂದಾಗ ಬಡಿಯುತ್ತಿದ್ದಳು, ಹೋದಮೇಲೆ ತೆಗೆಯುತ್ತಿದ್ದಳು. ಮೊದಲೇ ಮುಚ್ಚಿಟ್ಟಿದ್ದು ಇದೇ ಮೊದಲು.

ಮೇಲಿನ ಕಟ್ಟೆಯಲ್ಲಿ ಗಾಡಿ ನಿಲ್ಲಿಸಿ ಅವನು ಕೈ ಚಾಚಿ ಚಾಚಿ ತೋರಿಸಿದ: ಅದು ತೇಜು ನದಿ, ಅದು ಸಂತ ವಿನ್ಸೆಂಟನ ಇಗರ್ಜಿ, ಆ ಬಿಳೀ ಕಟ್ಟಡ ಕಟ್ಟಡವಲ್ಲ, ಪ್ರವಾಸಿಗರ ಹಡಗು. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು. ಆ ಬಾಯಿಯ ಬಗ್ಗೆ ಅವನಿಗೆ ಈಚೆಗೆ ಒಂದು ಬಗೆಯ ಅಸಹ್ಯ ಹುಟ್ಟಿತ್ತು. ಭೂಕಂಪದ ಕಥೆಯೂ ಅದೇ ಬಾಯಿಯ ಕೆಲಸ. ಗಾಡಿ ಕೊಂಡ ಮೊದಲ ಬೇಸಿಗೆಯಲ್ಲಿ, ಡೆನ್ಮಾರ್ಕಿನ ಗಂಡಹೆಂಡಿರನ್ನು ಕೂರಿಸಿಕೊಂಡು ಆ ಓಣಿಗೆ ತಿರುಗಿದಾಗ ತಲೆಯ ಮೇಲೆ ಕದ ಬಡಿದ ಏಟಿಗೆ ಗೋಡೆಯ ಸುಣ್ಣ ಉದುರಿ ಆ ಹೆಂಗಸಿನ ಹ್ಯಾಟಿನ ಮೇಲೆ ಬಿದ್ದಿತ್ತು. ಅವಳು ಬೆಚ್ಚಿ, ಇದೇನು ಎಂದು ಕೇಳಿದಳು. ಕದ ಬಡಿದವಳು ನನ್ನ ಅಕ್ಕ ಎಂದರೆ ಮುಗಿದಿತ್ತು. ಅಷ್ಟು ಹೇಳಿದರೆ ಯಾಕೆ ಬಡಿದಳು ಎಂದು ಕೇಳುತ್ತಾರೆ, ಅದಕ್ಕೂ ಹೇಳಬೇಕಾಗುತ್ತದೆ ಎಂದು ಹೆದರಿ ಬಾಯಿ ಒಂದು ಭೂಕಂಪವನ್ನೇ ಎಳೆದುತಂದಿತು. ಅವರು ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಇನ್ನೊಬ್ಬರಿಗೂ ಅದನ್ನೇ ಹೇಳಿದ. ಒಂದು ತಿಂಗಳಲ್ಲಿ ಆಟೊ ಸ್ಟ್ಯಾಂಡಿನವರೆಲ್ಲ ಹೇಳತೊಡಗಿದರು. ಒಮ್ಮೆ ಇವನಿಗೇ ಒಬ್ಬ ಪ್ರವಾಸಿ ಆ ಕಥೆ ಹೇಳಿ, ಇವನು ತಪ್ಪಾಗಿ ಹೇಳುತ್ತಿದ್ದಾನೆಂದು ತಿದ್ದಿದ.

"ಇಲ್ಲೇ ಹುಟ್ಟಿದ್ದಾ ನೀವು?" ದಾಲ್ವಾ ಕೇಳಿದಳು. ಹೌದೆಂದ. "ಈಗ್ಲೂ ಇಲ್ಲೇ ಇದೀರಾ?" ಇಲ್ಲ, ನದಿ ಆಚೆ, ಬಾರೇರುನಲ್ಲಿ, ಹೆಂಡತಿ ಊರು ಎಂದ. ಅವಳು ಅಯ್ಯೋ ಎಂಬಂತೆ ತಲೆಯಾಡಿಸಿದಳು. ಆ ಅಯ್ಯೋ ತನಗೆ ಸಲ್ಲತಕ್ಕದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಬಾಡಿಗೆ ಏರಿ ಓಣಿ ಬಿಟ್ಟವರು ಬಹಳ ಜನ, ಅವನನ್ನು ಮಾತ್ರ ಯಾರೂ ಓಡಿಸಿರಲಿಲ್ಲ. ಅಮ್ಮ ಸತ್ತಮೇಲೆ ಮೇಲಿನ ಮನೆ ಜುಲ್ಮೀರಾಳಿಗೆ, ಕೆಳಗಿನದು ಇವನಿಗೆ ಎಂದಾಗಿತ್ತು. ಹಡಗು ಕಂಪನಿಯ ಕೆಲಸ ಹೋಗಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ನೋಡುವುದು ಕಷ್ಟವಾದಾಗ, ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಕಂಪನಿಯೊಂದಕ್ಕೆ ಕೆಳಗಿನ ಮನೆ ಮಾರಿದ. ಸಹಿ ಹಾಕಿದ ಮಾರನೆಯ ದಿನ ಅಕ್ಕನಿಗೆ ಹೇಳಿದ. ಆ ಕೆಳಮನೆಯಲ್ಲಿ, ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ ಅವಳು ಆಗ ಬೆಡ್‌ಶೀಟು ತಿಕ್ಕುತ್ತಿದ್ದಳು. ಕೈ ನಿಲ್ಲಿಸಿದಳು. "ಒಗೆಯೋದು ಮುಗಿಸ್ಕೋಬೋದಾ, ಇಲ್ಲ ಈಗ್ಲೇ ಏಳ್ಬೇಕಾ?" ಎಂದಷ್ಟೇ ಕೇಳಿದಳು. ಅವಳು ಇವನೊಡನೆ ಆಡಿದ ಕೊನೆಯ ಮಾತು ಅದು. ಆ ತೊಟ್ಟಿಯಲ್ಲಿ ಈಗ ಪ್ರವಾಸಿಗರು ಐಸ್ ತುಂಬಿ ಬಿಯರ್ ಬಾಟಲಿ ಇಡುತ್ತಾರೆಂದು ಇವನಿಗೆ ಬೇರೆಯವರಿಂದ ಗೊತ್ತಾಯಿತು. ಆ ದುಡ್ಡಿನಲ್ಲಿ ಈ ಗಾಡಿ ಬಂತು. ಅಮ್ಮನ ಅಡಿಗೆಮನೆಯೇ ಮೂರು ಚಕ್ರ ಹಾಕಿಕೊಂಡು ದಿನಕ್ಕೆ ಹಲವು ಸಲ ಅವಳ ಕಿಟಕಿಯ ಕೆಳಗೆ ಓಡಾಡುತ್ತಿತ್ತು, ಒಳಗೆ ನಗುವ ಜನರನ್ನು ತುಂಬಿಕೊಂಡು.

ಬೇರೆ ದಾರಿ ಇತ್ತು. ಆ ಓಣಿ ಬಿಟ್ಟು ಇಗರ್ಜಿಯ ಹಿಂದಿನಿಂದ ಇಳಿದರೂ ಸುತ್ತು ಮುಗಿಯುತ್ತಿತ್ತು. ಮೊದಮೊದಲು ಹಾಗೇ ಮಾಡಬೇಕೆಂದುಕೊಂಡಿದ್ದ, ಆಮೇಲೆ ಮಾಡಲಿಲ್ಲ. ಸ್ಟ್ಯಾಂಡಿನ ಮೀಸೆಯ ರಾಮಿರೊ ಒಂದು ದಿನ, "ನನ್ ಗಾಡಿಗೆ ಬಡಿಯೋದೇ ಇಲ್ವಲ್ಲೋ ಆ ಯಮ್ಮ! ಕಥೆಯೆಲ್ಲಾ ಹೇಳಿ ಬಾಯ್ಬಿಟ್ಕೊಂಡು ಕೂತಿರ್ತೀನಿ, ಸುಮ್ನೆ ಸೂಜಿಗೆ ದಾರ ಪೋಣಿಸ್ತಾ ಇರ್ತಾಳೆ. ನೀನೇನ್ ಮಂತ್ರ ಹಾಕಿದೀಯ?" ಎಂದು ಗೋಳಾಡಿದ್ದ. ಅವತ್ತು ಇಲೀದಿಯೊನಿಗೆ ಒಳಗೊಳಗೇ ಖುಷಿಯಾಗಿತ್ತು. ಒಂದೇ ಬಗೆಯ ಅಷ್ಟೊಂದು ಗಾಡಿಗಳ ನಡುವೆ ಅವಳು ಇವನ ಚಕ್ರದ ಸದ್ದನ್ನು ಮೇಲಿನಿಂದಲೇ ಗುರುತಿಸುತ್ತಿದ್ದಳು. ಬಡಿತದಲ್ಲೂ ದಿನಕ್ಕೊಂದು ತರ ಇರುತ್ತಿತ್ತು. ಬಿಸಿಲು ಜಾಸ್ತಿಯಾದ ದಿನ ಸೋತ ಬಡಿತ, ಅಮ್ಮನ ತಿಥಿಯ ದಿನ ಚೌಕಟ್ಟೇ ಕಿತ್ತುಬರುವಂಥದ್ದು. ಜ್ವರ ಬಂದಿದ್ದಾಗ ಒಂದು ಕದ ಮಾತ್ರ ಎಳೆದುಕೊಂಡಿದ್ದಳು. ರಾತ್ರಿ ಹೆಂಡತಿ ಊಟಕ್ಕೆ ಬಡಿಸುತ್ತ, "ಇವತ್ತು ನಿಮ್ಮಕ್ಕ?" ಎನ್ನುತ್ತಿದ್ದಳು. "ಚೆನ್ನಾಗಿದಾಳೆ" ಎನ್ನುತ್ತಿದ್ದ.

ಕಟ್ಟೆಯಿಂದ ಇಳಿದು ಲುಸಿಂಡಾಳ ಬಾಗಿಲಿಗೆ ಬಂದರು. ಲುಸಿಂಡಾ ಅದೇ ಓಣಿಯ ಕೆಳತುದಿಯಲ್ಲಿ, ತನ್ನ ಮನೆಯ ಅರ್ಧಬಾಗಿಲ ಮೇಲೆ ಹಲಗೆ ಹಾಕಿಕೊಂಡು ಪುಟ್ಟ ಲೋಟಗಳಲ್ಲಿ ಜಿಂಜ ಮಾರುವ ಮುದುಕಿ. ಹುಳಿ ಚೆರ್ರಿಯ ಆ ಸಿಹಿಮದ್ಯ ಕುಡಿಯದೆ ಯಾವ ಸುತ್ತೂ ಮುಗಿಯುವಂತಿಲ್ಲ. ತಾಯಿ ಮಗಳು ಲೋಟ ಹಿಡಿದು ಅಕ್ಕಪಕ್ಕದ ಒಣಹಾಕಿದ ಬಟ್ಟೆಗಳನ್ನು ನೋಡುತ್ತಿದ್ದಾಗ ಇಲೀದಿಯೊ ಹಲಗೆಯ ಮೇಲೆ ಬಾಗಿ, ಬೇರೇನೋ ಕೇಳುವವನ ಹಾಗೆ, "ಮೇಲ್ಗಡೆ ಕಿಟಕಿ ಹಾಕಿದೆಯಲ್ಲ ಅತ್ತೆ" ಎಂದ.

"ಹಾಕಿದೆ."

"ಎಲ್ಲಾದ್ರೂ ಹೋಗಿದಾಳಾ?"

"ಒಡಹುಟ್ಟಿದೋನು ನೀನು. ನನ್ನ ಕೇಳ್ತೀಯಾ?" ಲುಸಿಂಡಾ ಬಾಟಲಿಯ ಕುತ್ತಿಗೆ ಒರೆಸಿದಳು. "ಬೆಳಿಗ್ಗೆ ಬ್ರೆಡ್ಡಿನೋನು ಬಾಗ್ಲಿಗೆ ತಗುಲಿ ಹಾಕಿದ ಚೀಲ ಹಾಗೇ ನೇತಾಡ್ತಾ ಇದೆ. ನಿನ್ನೆ ಸಂಜೆಯಿಂದ ಕೆಳಗೆ ಇಳಿದಿಲ್ಲ. ಕರೆದೆ, ಓಗೊಡ್ಲಿಲ್ಲ. ನನ್ನ ಮಂಡಿಗೆ ಆ ಮೆಟ್ಲು ಆಗತ್ತೇನೋ? ನಿನಗೆ ಗಾಡಿ ಇದೆ, ಗಾಡಿ ಮೆಟ್ಲು ಹತ್ತಲ್ವಲ್ಲ, ಪಾಪ."

ಬ್ರೆಡ್ಡಿನ ಚೀಲ ಬಾಗಿಲಲ್ಲೇ ಇದೆ. ಅಮ್ಮ ಸತ್ತ ದಿನವೂ ಹಾಗೆಯೇ ಗೊತ್ತಾದದ್ದು, ಎದುರುಮನೆಯವರು ಚೀಲ ನೋಡಿಯೇ ಬಾಗಿಲು ತಟ್ಟಿದ್ದು. ಆದರೂ ತಕ್ಷಣ ಕದಲಲಿಲ್ಲ. ಇವರಿಬ್ಬರನ್ನು ಸ್ಟ್ಯಾಂಡಿಗೆ ಬಿಟ್ಟು ಬರೋಣವೇ, ದುಡ್ಡು ಕೊಟ್ಟವರು ಏನೆಂದುಕೊಂಡಾರು ಎಂದು ಯೋಚಿಸಿದ. ಹಾಗೆ ಯೋಚಿಸುತ್ತಿರುವುದನ್ನು ಕಂಡು ತನ್ನ ಮೇಲೇ ಹೇಸಿಗೆಯಾಯಿತು. ಅವಳು ಸತ್ತುಬಿದ್ದಿದ್ದರೂ ನಾನು ಸುತ್ತು ಮುಗಿಸಿಯೇ ಹೋಗುವವನು ಎಂದುಕೊಂಡ. ಪಕ್ಕದಲ್ಲಿ ದಾಲ್ವಾ ನಿಂತಿದ್ದಳು. ಅವಳು ಎಷ್ಟು ಕೇಳಿಸಿಕೊಂಡಿದ್ದಳೋ, "ನೀವು ಹೋಗ್ಬನ್ನಿ, ನಾವಿಲ್ಲೇ ಕೂತಿರ್ತೀವಿ. ಇನ್ನೊಂದು ಲೋಟ ಕುಡೀತೀವಿ" ಎಂದಳು, ತರಗತಿಯಿಂದ ಹುಡುಗನನ್ನು ಹೊರಗೆ ಕಳಿಸುವ ಟೀಚರ ದನಿಯಲ್ಲಿ. ಅವನು ಹೋದ.

ಕೆಳಮನೆಯ ಬಾಗಿಲಿಗೆ ನಂಬರು ಒತ್ತುವ ಬೀಗ ಬಂದಿತ್ತು. ಹೊಸಿಲ ಮೇಲೆ ಯಾರದೋ ಚಕ್ರದ ಸೂಟ್‌ಕೇಸು. ಅದನ್ನು ದಾಟಿ ಮೆಟ್ಟಿಲಿಗೆ ಕಾಲಿಟ್ಟಾಗ ಅವನ ಪಾದ ತಾನಾಗಿಯೇ ಮುರಿದ ಮೆಟ್ಟಿಲನ್ನು ಬಿಟ್ಟು ಮುಂದಿನದಕ್ಕೆ ಹೋಯಿತು. ಆ ಮೆಟ್ಟಿಲನ್ನು ಯಾರೋ ಯಾವಾಗಲೋ ಸರಿಮಾಡಿಸಿದ್ದರು. ಮೇಲೆ, ಹಿಡಿಕೆಗೆ ಬಟ್ಟೆಯ ಚೀಲ ನೇತಾಡುತ್ತಿತ್ತು, ಅಮ್ಮನೇ ಕಸೂತಿ ಹಾಕಿದ್ದು. ಮುಟ್ಟಿದ. ಬ್ರೆಡ್ಡು ಗಟ್ಟಿಯಾಗಿತ್ತು. ಬಾಗಿಲು ತಟ್ಟಿ, "ಅಕ್ಕಾ" ಎಂದ. ಸದ್ದಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದ. ಈ ಶಬ್ದವನ್ನು ಬಾಯಲ್ಲಿ ಆಡಿ ಎಷ್ಟು ಕಾಲವಾಯಿತು ಎಂಬುದು ಅದನ್ನು ಆಡಿದಾಗಲೇ ಅವನಿಗೆ ತಿಳಿದದ್ದು. ಬಾಗಿಲು ಒಡೆಯಬೇಕಾದೀತೇ, ಒಡೆಯುವ ಶಕ್ತಿ ಇದೆಯೇ, ಲುಸಿಂಡಾ ಅತ್ತೆ ಊರೆಲ್ಲ ಕೂಗಿಹಾಕುತ್ತಾಳೆ, ಶವಸಂಸ್ಕಾರದ ದಿನ ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹಕ್ಕು ತನಗೆ ಇರುತ್ತದೆಯೇ ಎಂದೆಲ್ಲ ನುಗ್ಗಿಬಂತು. ಹಣೆಯನ್ನು ಬಾಗಿಲಿಗೆ ಒತ್ತಿ, "ಅಕ್ಕಾ, ಜುಲ್ಮೀರಾ, ನಾನು ಕಣೇ" ಎಂದ.

"ಗೊತ್ತು. ಚಕ್ರದ ಸದ್ದು ಕೇಳಿಸ್ತು." ದನಿ ಬಾಗಿಲಿನ ಆ ಬದಿಯಲ್ಲೇ ಇತ್ತು, ತೀರ ಹತ್ತಿರ. "ತಟ್ಬೇಡ. ಬದುಕಿದೀನಿ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಅಳು ಬರುವ ಹಾಗಾಯಿತು, ಬರಲಿಲ್ಲ. "ಬ್ರೆಡ್ ತಗೊಂಡಿಲ್ಲ ಅಂತ..." ಎಂದ.

"ನಿನ್ನೆ ನೀನು ಬಂದಿರ್ಲಿಲ್ಲ."

"ವಾರದ ರಜಾ."

"ನಿನ್ ದೋಸ್ತ ಬಂದಿದ್ದ, ಮೀಸೆಯೋನು. ಕಿಟಕಿ ಕೆಳಗೆ ಗಾಡಿ ನಿಲ್ಸಿ ಹಾರ್ನ್ ಹೊಡೆದ. 'ಅಮ್ಮಾ, ಗಿರಾಕಿಗಳು ದೂರದಿಂದ ಬಂದಿದಾರೆ, ಒಂದ್ಸಲ ಬಡಿದ್ಬಿಡಿ, ಪುಣ್ಯ ಬರತ್ತೆ' ಅಂದ. ಯಾಕಪ್ಪಾ ಬಡೀಬೇಕು ಅಂದೆ. ಭೂಕಂಪದ್ದು ಹೇಳ್ದ." ಒಳಗೆ ಕುರ್ಚಿ ಸರಿದ ಸದ್ದಾಯಿತು. "ಎಲ್ರೂ ಫೋನ್ ಎತ್ಕೊಂಡು ನನ್ನೇ ನೋಡ್ತಾ ಕೂತಿದ್ರು ಕಣೋ, ಮೃಗಾಲಯದಲ್ಲಿ ಕೋತಿ ನೋಡೋ ಹಾಗೆ. ಇಷ್ಟ್ ವರ್ಷ ಆ ಚಪ್ಪಾಳೆ ಯಾಕೆ ಬೀಳ್ತಿತ್ತು ಅಂತ ಆವಾಗ ಗೊತ್ತಾಯ್ತು. ಪ್ರವಾಸಿಗಳದ್ದೇನೋ ಹುಚ್ಚು ಅಂದ್ಕೊಂಡಿದ್ದೆ, ದಡ್ಡಿ."

"ಜನ ಕೇಳ್ತಿದ್ರು, ಏನಾದ್ರೂ ಹೇಳ್ಬೇಕಿತ್ತು..."

"ನಮ್ಮಕ್ಕ ಅಂತ ಹೇಳೋಕೆ ಏನಾಗಿತ್ತು?"

"ನಾಚಿಕೆ ಆಗ್ತಿತ್ತು."

"ನನ್ನಿಂದ್ಲಾ, ನಿನ್ನಿಂದ್ಲಾ?"

ಕೆಳಗೆ ಓಣಿಯಲ್ಲಿ ಬೇರೆ ಯಾರದೋ ಗಾಡಿ ಗಡಗಡ ದಾಟಿಹೋಯಿತು. ಅವಳು ಅದು ಹೋಗುವವರೆಗೂ ಕಾದಳು. "ಕೆಳಗಿನ ಮನೆ ನಿಂದು, ಮಾರ್ಕೊಂಡೆ. ಸರಿ, ಹಕ್ಕಿತ್ತು. ನನ್ ಸಿಟ್ಟು ಯಾರದೋ? ಅದು ನಂದು ತಾನೇ? ಇಷ್ಟ್ ದಿನ ನನ್ ಹತ್ರ ಇದ್ದದ್ದು ಅದೊಂದೇ. ಅದನ್ನೂ ಮಾರ್ಕೊಂಡ್ಯಲ್ಲೋ, ಗಿರಾಕಿಗೆ ಇಷ್ಟು ಅಂತ." ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಇನ್ಮೇಲೆ ನಿನಗೆ ಈ ಕಿಟಕಿ ತೆಗೆಯೋದೂ ಇಲ್ಲ, ಬಡಿಯೋದೂ ಇಲ್ಲ. ನಿನ್ ಗಾಡಿ ಬರೋ ಹೊತ್ತಿಗೆ ಹಾಕೇ ಇರತ್ತೆ. ಕತ್ತಲಲ್ಲೇ ಹೊಲೀತೀನಿ. ಹೋಗು, ನಿನ್ ಜನ ಕಾಯ್ತಿರ್ತಾರೆ."

ಹೆಂಡತಿಗೆ ಇವತ್ತು ರಾತ್ರಿ ಏನು ಹೇಳುವುದು ಎಂದು, ಯಾಕೋ, ಅದೇ ಮೊದಲು ಹೊಳೆಯಿತು. ಇನ್ನು ಅಕ್ಕನಿಗೆ ಜ್ವರ ಬಂದರೆ ತಿಳಿಯುವುದಿಲ್ಲ. ಸಿಟ್ಟು ಹೆಚ್ಚಾಯಿತೋ ಇಳಿಯಿತೋ ತಿಳಿಯುವುದಿಲ್ಲ. ಮುಚ್ಚಿದ ಕಿಟಕಿಯ ಹಿಂದೆ ಅಕ್ಕ ಇದ್ದಾಳೋ ಇಲ್ಲವೋ, ಗೋಡೆಗೂ ಅದಕ್ಕೂ ವ್ಯತ್ಯಾಸವಿಲ್ಲ. ಚೀಲವನ್ನು ನೆಟ್ಟಗೆ ಮಾಡಿ ಹಿಡಿಕೆಗೇ ಬಿಟ್ಟು ಅವನು ಇಳಿದ.

ಲುಸಿಂಡಾ ಕಣ್ಣಲ್ಲೇ ಕೇಳಿದಳು. "ಇದಾಳೆ" ಎಂದ. ಮುದುಕಿ ಶಿಲುಬೆಯ ಗುರುತು ಮಾಡಿಕೊಂಡು, ತಾನೂ ಒಂದು ಲೋಟ ಸುರಿದುಕೊಂಡಳು. ಗಾಡಿ ಹೊರಟಮೇಲೆ ದಾಲ್ವಾ ಹಿಂದಿನಿಂದ, "ಯಾರು ಅವ್ರು?" ಎಂದು ಕೇಳಿದಳು. ಬಾಯಿ ಅಭ್ಯಾಸದಂತೆ ಏನೋ ಹೆಣೆಯಲು ಹೊರಟಿತ್ತು. ಇಲೀದಿಯೊ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. "ನಮ್ಮಕ್ಕ. ಭೂಕಂಪದ್ದು ಸುಳ್ಳು ಮೇಡಂ. ಅವಳಿಗೆ ನಾನು ಕಂಡ್ರಾಗಲ್ಲ, ಅದಕ್ಕೆ ಬಡೀತಾಳೆ." ಮಗಳು ನಕ್ಕುಬಿಟ್ಟು, ಆಮೇಲೆ ನಕ್ಕದ್ದಕ್ಕೆ ಕೆಂಪಾಗಿ, ಫೋನನ್ನು ಕಾಲ ಕೆಳಗಿನ ಬ್ಯಾಗಿಗೆ ತುರುಕಿದಳು. ದಾಲ್ವಾ ಮಾತ್ರ ಯೋಚಿಸಿ, "ನಂಗೂ ಒಬ್ಬ ತಮ್ಮ ಇದಾನೆ. ನಮ್ಮೂರಲ್ಲಿ ಕಿಟಕಿ ಇಷ್ಟು ಹತ್ರ ಇರಲ್ಲ" ಎಂದಳು.

ಮಧ್ಯಾಹ್ನ ದೊಡ್ಡ ಇಗರ್ಜಿಯ ಕೆಳಗಿನ ಸ್ಟ್ಯಾಂಡಿನಲ್ಲಿ ಚಾಲಕರು ನೆರಳಿಗೆ ಸೇರಿ ಸಾರ್ಡೀನು ಮೀನು ತಿನ್ನುತ್ತಿದ್ದರು, ಹಬ್ಬದ ಒಲೆಗಳು ಆಗಲೇ ಹೊಗೆ ಹಾಕಿದ್ದವು. ರಾಮಿರೊ ಬ್ರೆಡ್ಡಿನ ತುಂಡಿನ ಮೇಲೆ ಮೀನಿಟ್ಟುಕೊಂಡು, "ನಿನ್ ಕಿಟಕಿ ಅಜ್ಜಿ ನಿನ್ನೆ ನಂಗೆ ಮರ್ಯಾದೆ ತೆಗೆದ್ಲು ಕಣೋ! ಗಿರಾಕಿಗಳ ಮುಂದೆ ಪಾಪರ್ ಮಾಡಿದ್ಲು" ಎಂದು ಎಲ್ಲರನ್ನೂ ನಗಿಸಿದ. ಇಲೀದಿಯೊನಿಗೆ ಅವನ ಮೀಸೆಯ ಮೇಲೆ ಒಂದು ಬಿಡಬೇಕೆನಿಸಿತು. ಆದರೆ ರಾಮಿರೊನ ಪಾಲು ಇದರಲ್ಲಿ ಎಷ್ಟು? ಇಲೀದಿಯೊ ನಿಂತಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅವಳು ನಮ್ಮಕ್ಕ ಜುಲ್ಮೀರಾ. ಅವಳ ಕಾಲ ಕೆಳಗಿನ ಮನೇನ ಅವಳಿಗೆ ಹೇಳ್ದೆ ಮಾರ್ಬಿಟ್ಟು ಈ ಗಾಡಿ ತಗೊಂಡೆ. ಅದಕ್ಕೆ ನನ್ ಮುಖದ ಮೇಲೆ ಕಿಟಕಿ ಹಾಕ್ತಾಳೆ. ಕಥೆ ನಾನು ಕಟ್ಟಿದ್ದು. ಇನ್ಮೇಲೆ ಯಾರೂ ಹೇಳ್ಬೇಡಿ."

ಮೀನು ಸುಡುತ್ತಿದ್ದ ಹೆಂಗಸು ಬೀಸಣಿಗೆ ನಿಲ್ಲಿಸಿದಳು. ಯಾರೋ ಕೆಮ್ಮಿದರು. ರಾಮಿರೊ ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಮೊದ್ಲೇ ಬೊಗಳ್ಬಾರ್ದಾಗಿತ್ತೇನೋ, ಮುಠ್ಠಾಳ. ಅವರ ಹತ್ರ ಪುಣ್ಯ ಬರತ್ತೆ ಅಂದ್ಬಿಟ್ಟೆನಲ್ಲೋ ನಾನು" ಎಂದ. ಆಮೇಲೆ ಯಾರೂ ಇಲೀದಿಯೊನ ಮುಖ ನೋಡಲಿಲ್ಲ. ಅವನಿಗೆ ತಿನ್ನಲಾಗಲಿಲ್ಲ, ಹಗುರವೂ ಆಗಲಿಲ್ಲ. ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತವನಿಗೆ ಹೇಗೋ ಹಾಗೆ ಚಳಿಯಾಯಿತು, ಜೂನ್ ಬಿಸಿಲಿನಲ್ಲಿ. ಅಲ್ಫಾಮಾದಲ್ಲಿ ಕೆಳಗೆ ಆಡಿದ ಮಾತು ಗುಡ್ಡದ ಮೇಲಕ್ಕೆ ಆಟೊಗಿಂತ ಬೇಗ ಹೋಗುತ್ತದೆ. ಮೀನಿನವಳಿಂದ ಲುಸಿಂಡಾಳಿಗೆ, ಲುಸಿಂಡಾಳಿಂದ ಎದುರು ಕಿಟಕಿಗೆ, ಅಲ್ಲಿಂದ ಅಕ್ಕನ ಕಿವಿಗೆ. ಮಧ್ಯಾಹ್ನದ ಸುತ್ತುಗಳನ್ನೆಲ್ಲ ಅವನು ಇಗರ್ಜಿಯ ಹಿಂದಿನ ದಾರಿಯಿಂದಲೇ ಮುಗಿಸಿದ. ಏನು ಹೇಳಿದನೋ ಅವನಿಗೇ ನೆನಪಿಲ್ಲ.

ಸಂಜೆ ಮನೆಗೆ ನದಿ ದಾಟುವ ದೋಣಿಗೆ ಇನ್ನೂ ಹೊತ್ತಿತ್ತು. ಗಾಡಿಯನ್ನು ಶೆಡ್ಡಿಗೆ ಬಿಡಲು ಹೊರಟವನು ಶೆಡ್ಡಿನ ಕಡೆ ತಿರುಗಲಿಲ್ಲ. ಹಿಂದಿನ ಸೀಟು ಖಾಲಿಯಾಗಿದ್ದರಿಂದ ಗಾಡಿ ಕಲ್ಲುಗಳ ಮೇಲೆ ಹೆಚ್ಚೇ ಕುಣಿಯುತ್ತಿತ್ತು, ಸದ್ದೂ ಬೇರೆಯಾಗಿತ್ತು. ಅವಳಿಗೆ ಗುರುತು ಹತ್ತುತ್ತದೋ ಇಲ್ಲವೋ ಎಂದುಕೊಂಡ. ತಿರುವಿಗೆ ನಾಲ್ಕು ಮನೆ ಇರುವಾಗ ವೇಗ ತಗ್ಗಿಸಿದ. ಹಳದಿ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಕಿಟಕಿ ತೆರೆದಿತ್ತು. ಕಾಮಕಸ್ತೂರಿಯ ಕುಂಡ ಅಂಚಿನ ಮೇಲಿತ್ತು, ಅದರ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಜುಲ್ಮೀರಾ ಕೂತಿದ್ದಳು, ತೊಡೆಯ ಮೇಲೆ ಯಾರದೋ ಕರಿ ಪ್ಯಾಂಟು. ಅವನು ಗಾಡಿ ನಿಲ್ಲಿಸಿ ತಲೆಯೆತ್ತಿದ.

ಅವಳು ಮೊದಲು ಅವನ ಮುಖ ನೋಡಲಿಲ್ಲ. ಬಗ್ಗಿ ಹಿಂದಿನ ಸೀಟನ್ನು ನೋಡಿದಳು. ಇನ್ನಷ್ಟು ಬಗ್ಗಿ, ಓಣಿಯ ಆ ತುದಿ ಈ ತುದಿ ನೋಡಿದಳು, ಯಾರಾದರೂ ಫೋನು ಹಿಡಿದು ನಿಂತಿದ್ದಾರೆಯೇ ಎಂದು. ಯಾರೂ ಇರಲಿಲ್ಲ. ಸೂಜಿಯನ್ನು ಪ್ಯಾಂಟಿಗೆ ಚುಚ್ಚಿಟ್ಟಳು. ಎದ್ದು, ಕಾಮಕಸ್ತೂರಿಯ ಮೇಲೆ ಅಂಗೈ ಆಡಿಸಿ ಕೈಯನ್ನು ಮೂಸಿ, ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಇಟ್ಟಳು. ಆಮೇಲೆ ಅವನ ಕಡೆ ನೇರವಾಗಿ ನೋಡಿ, ಎರಡು ಕದಗಳನ್ನೂ ಹಿಡಿದು, ಅಮ್ಮನ ತಿಥಿಯ ದಿನಕ್ಕಿಂತಲೂ ಜೋರಾಗಿ ಬಡಿದಳು.

ಸುಣ್ಣದ ಚೂರು ಅವನ ತೋಳಿನ ಮೇಲೆ ಬಿತ್ತು. ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಇಲೀದಿಯೊ ಕಣ್ಣೊರೆಸಿಕೊಂಡ. ಹೆಂಡತಿ ಕೇಳಿದರೆ ಚೆನ್ನಾಗಿದ್ದಾಳೆ ಎಂದು ಹೇಳಬಹುದು. ನಾಳೆ ಗಿರಾಕಿಗಳನ್ನು ಹತ್ತಿಸಿಕೊಳ್ಳುವ ಮೊದಲು ಖಾಲಿ ಗಾಡಿಯಲ್ಲಿ ಒಂದು ಸಲ ಈ ಕಡೆ ಬರಬೇಕು ಎಂದುಕೊಂಡು, ಬ್ರೇಕು ಬಿಟ್ಟ.